ನೀಲಿ ಮಾತ್ರೆಯ ಹಿಂದಿನ ಸುಬ್ಬರಾವ್

ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀಲಿ ಮಾತ್ರೆ ನಿಮಗೆ ನೆನಪಿರಬಹುದು. ಅದರಲ್ಲಿ ಕಬ್ಬಿಣಾಂಶದ ಜೊತೆ ಫೋಲಿಕ್ ಆಸಿಡ್ ಇರುತ್ತದೆ. ನಮ್ಮ ಕಲಬುರಗಿ ಕಡೆ ಆನೆಕಾಲು ರೋಗ ತಡೆಯಲು ಮನೆಮನೆಗೆ ಬಂದು ಡಿಇಸಿ ಮಾತ್ರೆ ನುಂಗಿಸುತ್ತಾರೆ. ಸಂಧಿವಾತ ಇರುವ ನನ್ನ ಅಜ್ಜಿ ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಾರೆ. ಈ ಮೂರೂ ಔಷಧಿಗಳ ಹಿಂದೆ ಯಲ್ಲಾಪ್ರಗಡ ಸುಬ್ಬರಾವ್ ಎಂಬ ಒಬ್ಬ ವಿಜ್ಞಾನಿ ಮತ್ತು ಅವರ ತಂಡದ ದುಡಿಮೆ ಇದೆ. ಬಿಇಯಲ್ಲಿ ನಮಗೂ ಜೀವವಿಜ್ಞಾನದ ಒಂದು ಪೇಪರ್ ಇದೆ. ಅದಕ್ಕಾಗಿ ಎಟಿಪಿ ಬಗ್ಗೆ ಪುಟಗಟ್ಟಲೆ ಬರೆದುಕೊಂಡಿದ್ದೆ. ಆದರೆ ಅದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಇವರ ಹೆಸರು ನನ್ನ ನೋಟ್ಸ್‌ನಲ್ಲಿ ಎಲ್ಲೂ ಇರಲಿಲ್ಲ.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಂಧ್ರದ ಭೀಮವರಂನಲ್ಲಿ. ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ. ಮುಂದೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟು ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋದದ್ದು ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಲಿಖಿತ ಪರೀಕ್ಷೆಗಳಲ್ಲಿ ಚೆನ್ನಾಗಿ ಬರೆದರೂ ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಪ್ರಮಾಣಪತ್ರವಷ್ಟೇ ಸಿಕ್ಕಿತು. ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲೂ ತೆರೆಯಲಿಲ್ಲ. ಕೊನೆಗೆ ಆಯುರ್ವೇದ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದರು.

ಅವರ ಇಬ್ಬರು ಸಹೋದರರನ್ನು ಬಲಿ ತೆಗೆದುಕೊಂಡದ್ದು ಸ್ಪ್ರೂ ಎಂಬ ಕಾಯಿಲೆ. ಇದರಲ್ಲಿ ಕರುಳು ಆಹಾರದ ಸತ್ವವನ್ನು ಹೀರಿಕೊಳ್ಳುವುದಿಲ್ಲ, ರೋಗಿ ರಕ್ತಹೀನನಾಗಿ ಸೊರಗುತ್ತಾನೆ. ಸುಬ್ಬರಾವ್ ಅವರಿಗೂ ಅದು ತಗುಲಿತ್ತು, ಅವರು ಬದುಕಿಕೊಂಡರು.

1922ರಲ್ಲಿ ದತ್ತಿ ಸಂಸ್ಥೆಯ ಮತ್ತು ಮಾವನವರ ನೆರವಿನಿಂದ ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ಸೇರಿದರು. ಖರ್ಚಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. 1925ರಲ್ಲಿ ಸೈರಸ್ ಫಿಸ್ಕ್ ಜೊತೆಗೂಡಿ ರಂಜಕದ ಪ್ರಮಾಣ ಅಳೆಯುವ ವಿಧಾನ ರೂಪಿಸಿದರು. ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನ್ ಮತ್ತು ಎಟಿಪಿ ಪತ್ತೆಗೆ ಅದೇ ದಾರಿಯಾಯಿತು. ಇಷ್ಟಾದರೂ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿಗೆ ಹೋದರು.

ಅಲ್ಲಿ ಅವರ ಮುಂದಿದ್ದದ್ದು ರಕ್ತದ ಪ್ರಶ್ನೆ. ನಮ್ಮ ಮೂಳೆಯ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಕೋಶ ಎರಡಾಗಬೇಕಾದರೆ ಮೊದಲು ಡಿಎನ್ಎ ನಕಲಾಗಬೇಕು, ಅದಕ್ಕೆ ಫೋಲಿಕ್ ಆಸಿಡ್ ಬೇಕು. ಅದಿಲ್ಲದಿದ್ದರೆ ಕೋಶ ಊದಿಕೊಳ್ಳುತ್ತದೆ, ಒಡೆದು ಎರಡಾಗುವುದಿಲ್ಲ. ಸ್ಪ್ರೂ ರೋಗಿಗಳ ರಕ್ತಹೀನತೆಯ ಗುಟ್ಟೂ ಇದೇ. 1945ರ ವೇಳೆಗೆ ಸುಬ್ಬರಾವ್ ತಂಡ ಫೋಲಿಕ್ ಆಸಿಡ್ ಅನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಸಹೋದರರ ಸಾವಿನ ಕಾಯಿಲೆಗೆ ಮದ್ದು ಸಿಕ್ಕಿತ್ತು, ಎರಡು ದಶಕಗಳಿಗೂ ಹೆಚ್ಚು ತಡವಾಗಿ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಬಾಸ್ಟನ್ನಿನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ಫೋಲಿಕ್ ಆಸಿಡ್ ಕೊಟ್ಟರೆ ರೋಗ ಇನ್ನೂ ಜೋರಾಗುವುದನ್ನು ಕಂಡರು. ಹಾಗಿದ್ದರೆ ಅದನ್ನು ತಡೆದರೆ? ಸುಬ್ಬರಾವ್ ತಂಡ ಫೋಲಿಕ್ ಆಸಿಡ್‌ನ ಅಣುವಿನಲ್ಲಿ ಒಂದು ಕಡೆ ಹೈಡ್ರಾಕ್ಸಿಲ್ ಗುಂಪಿನ ಬದಲು ಅಮೈನೊ ಗುಂಪು ಕೂರಿಸಿ ಅಮೈನೊಪ್ಟೆರಿನ್ ತಯಾರಿಸಿತು. ಬೀಗದೊಳಗೆ ಹೋಗಿ ಸಿಕ್ಕಿಕೊಳ್ಳುವ, ಆದರೆ ತಿರುಗದ ಕೀಲಿಯಂತೆ ಅದು. 1948ರ ಜೂನ್‌ನಲ್ಲಿ ಪ್ರಕಟವಾದ ಫಾರ್ಬರ್ ವರದಿಯಂತೆ, ಇದನ್ನು ಕೊಟ್ಟ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು. ಆ ಚೇತರಿಕೆ ತಾತ್ಕಾಲಿಕ. ಆದರೂ ಇಂದಿನ ಕಿಮೋಥೆರಪಿಯ ದಾರಿ ತೆರೆದವುಗಳಲ್ಲಿ ಅದೂ ಒಂದು. ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಈಗಲೂ ಬಳಕೆಯಲ್ಲಿದೆ. ಆ ಮಾತ್ರೆ ನುಂಗಿದ ಮರುದಿನ, ಅದರ ಅಡ್ಡಪರಿಣಾಮ ತಗ್ಗಿಸಲು ಅಜ್ಜಿ ಫೋಲಿಕ್ ಆಸಿಡ್ ನುಂಗುತ್ತಾರೆ. ಎರಡೂ ಒಂದೇ ಮನೆಯ ಮದ್ದು.

ಫಾರ್ಬರ್ ವರದಿ ಬಂದ ಎರಡು ತಿಂಗಳಿಗೆ, 53ನೇ ವಯಸ್ಸಿನಲ್ಲಿ ಸುಬ್ಬರಾವ್ ತೀರಿಕೊಂಡರು. 1922ರಲ್ಲಿ ಬೀಳ್ಕೊಟ್ಟ ಪತ್ನಿ ಶೇಷಗಿರಿ ಅವರು ಗಂಡನನ್ನು ಮತ್ತೆ ಕಾಣಲೇ ಇಲ್ಲ. ಈ ಸಾಧನೆಗೆ ಆ ಮನೆ ತೆತ್ತ ಬೆಲೆಯನ್ನೂ ನಾವು ಮರೆಯಬಾರದು.

ಮುಂದಿನ ವರ್ಷ ನಾವೂ ಪ್ಲೇಸ್‌ಮೆಂಟ್ ಸಾಲಿನಲ್ಲಿ ನಿಲ್ಲುತ್ತೇವೆ. ಕಟ್‌ಆಫ್‌ಗೆ ಅರ್ಧ ಅಂಕ ಕಡಿಮೆ ಬಂದವರು ಹೊರಗುಳಿಯುತ್ತಾರೆ. ಸುಬ್ಬರಾವ್ ಅವರಿಗಾದ ಅನ್ಯಾಯ ಅವರನ್ನು ದೊಡ್ಡವರನ್ನಾಗಿ ಮಾಡಿತು ಎಂದು ನಾನು ಹೇಳಲಾರೆ, ಅನ್ಯಾಯ ಅನ್ಯಾಯವೇ. ಆದರೆ ಕೆಲಸ, ಊರು, ಹುದ್ದೆ ಯಾವುದು ಬದಲಾದರೂ ಅವರು ರಸಾಯನಶಾಸ್ತ್ರದ ಬೆಂಚು ಬಿಟ್ಟು ಕದಲಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ದಿನ, ನಮ್ಮ ಕೈಯಲ್ಲಿರುವ ಕೆಲಸ ಯಾವುದು ಎಂದು ಕೇಳಿಕೊಳ್ಳಲು ಅಷ್ಟು ಸಾಕು ಅನಿಸುತ್ತದೆ.