ಬಾರದ ಬಿರುಗಾಳಿಗೆ ಯಾರು ಹೊಣೆ?

ಮಳೆಗಾಲ ಬಂತೆಂದರೆ ನಮ್ಮ ಕರಾವಳಿ ಜಿಲ್ಲೆಗಳಲ್ಲಿ ಇದು ಇದ್ದದ್ದೇ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುತ್ತದೆ, ಜಿಲ್ಲಾಧಿಕಾರಿ ಶಾಲೆ ಕಾಲೇಜುಗಳಿಗೆ ರಜೆ ಘೋಷಿಸುತ್ತಾರೆ, ಬೆಳಿಗ್ಗೆ ಎದ್ದು ನೋಡಿದರೆ ಚುರುಕು ಬಿಸಿಲು. ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಇಲಾಖೆಯ ಮಾನ ಹರಾಜಾಗುತ್ತದೆ. ರಜೆ ಕೊಡದ ದಿನ ಜಡಿಮಳೆ ಹೊಡೆದರೆ ಅದೇ ಗ್ರೂಪಿನಲ್ಲಿ ಅದೇ ಅಧಿಕಾರಿಗೆ ಮತ್ತೆ ಬೈಗುಳ. ಸರ್ಕಾರಿ ಕುರ್ಚಿಯಲ್ಲಿ ಕುಳಿತು ಇಂಥ ಬೈಗುಳವನ್ನು ಮೊತ್ತಮೊದಲು ಹೊಟ್ಟೆತುಂಬ ತಿಂದ ಮನುಷ್ಯನ ಹೆಸರು ರಾಬರ್ಟ್ ಫಿಟ್ಜ್‌ರಾಯ್. ಜೀವವಿಜ್ಞಾನ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ಚಾರ್ಲ್ಸ್ ಡಾರ್ವಿನ್‌ನನ್ನು ಲೋಕ ಸುತ್ತಿಸಿದ ಬೀಗಲ್ ಹಡಗಿನ ಕ್ಯಾಪ್ಟನ್ ಈತ. ಪಠ್ಯಪುಸ್ತಕದಲ್ಲಿ ಅಷ್ಟಕ್ಕೇ ಮುಗಿಯುತ್ತದೆ. ಹಡಗು ಇಳಿದ ಮೇಲಿನ ಕಥೆಯನ್ನು ಯಾರೂ ಹೇಳುವುದಿಲ್ಲ.

ಫಿಟ್ಜ್‌ರಾಯ್ ಹುಟ್ಟಿದ್ದು 1805ರಲ್ಲಿ, ಇಂಗ್ಲೆಂಡಿನ ದೊಡ್ಡ ಮನೆತನದಲ್ಲಿ. ಹನ್ನೆರಡನೇ ವಯಸ್ಸಿಗೇ ಪೋರ್ಟ್ಸ್‌ಮೌತ್‌ನ ನೌಕಾ ಕಾಲೇಜು ಸೇರಿದ. ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರಿಗೆ ಅದರ ತೂಕ ಗೊತ್ತು. 1828ರಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಪ್ರಿಂಗಲ್ ಸ್ಟೋಕ್ಸ್ ದಕ್ಷಿಣ ಅಮೆರಿಕದ ತುದಿಯ ಚಳಿ ಮತ್ತು ಒಂಟಿತನಕ್ಕೆ ಕುಸಿದು ತನ್ನ ಜೀವ ತಾನೇ ಕಳೆದುಕೊಂಡಾಗ, ಆ ಜಾಗಕ್ಕೆ ಬಂದವನು 23 ವರ್ಷದ ಫಿಟ್ಜ್‌ರಾಯ್.

ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ, 1829ರ ಜನವರಿಯಲ್ಲಿ, ಉರುಗ್ವೆಯ ಕರಾವಳಿಯ ಬಳಿ ಪಾಂಪೆರೊ ಎಂಬ ಹಠಾತ್ ಬಿರುಗಾಳಿ ಹಡಗಿಗೆ ಬಡಿಯಿತು. ಇಬ್ಬರು ನಾವಿಕರು ಸಮುದ್ರಪಾಲಾದರು. ಅದಕ್ಕೂ ಮೊದಲು ವಾಯುಭಾರಮಾಪಕದ ಪಾದರಸ ಇಳಿದಿತ್ತು. ಫಿಟ್ಜ್‌ರಾಯ್ ಅದಕ್ಕೆ ಕೊಡಬೇಕಾದಷ್ಟು ಬೆಲೆ ಕೊಟ್ಟಿರಲಿಲ್ಲ. ಹೊಸ ಕ್ಯಾಪ್ಟನ್, ಹೊಸ ಹಡಗು, ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ ಎಂದು ಹೇಳಿ ಆತ ಕೈತೊಳೆದುಕೊಳ್ಳಬಹುದಿತ್ತು. ಆತ ಹಾಗೆ ಮಾಡದೆ ತಪ್ಪು ತನ್ನದೆಂದೇ ತೀರ್ಮಾನಿಸಿದ. ಅಲ್ಲಿಂದ ಮುಂದೆ ಆ ಗಾಜಿನ ಕೊಳವೆ ಆತನ ಬದುಕಿನುದ್ದಕ್ಕೂ ಜೊತೆಗೆ ಬಂತು. ಎರಡನೇ ಯಾನ 1831ರ ಡಿಸೆಂಬರಿನಿಂದ 1836ರ ಅಕ್ಟೋಬರ್‌ವರೆಗೆ ನಡೆಯಿತು. ಸ್ಟೋಕ್ಸ್‌ಗೆ ಆದದ್ದು ತನಗೂ ಆದೀತೆಂಬ ಅಂಜಿಕೆ ಆತನಿಗಿತ್ತು. ಸೋದರಮಾವ, ವಿದೇಶಾಂಗ ಮಂತ್ರಿಯಾಗಿದ್ದ ಕ್ಯಾಸಲ್‌ರೇ ಕೂಡ ಹಾಗೆಯೇ ಹೋದವನು. ಆದ್ದರಿಂದಲೇ ಊಟದ ಮೇಜಿನಲ್ಲಿ ಮಾತಿಗೆ ಒಬ್ಬ ಓದಿದ ಸಂಗಾತಿ ಬೇಕೆಂದು ಕೇಳಿದ. ಹಾಗೆ ಸಿಕ್ಕವನೇ 22 ವರ್ಷದ ಡಾರ್ವಿನ್.

ಆ ಯಾನದ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ, ಇಲ್ಲಿ ಬೇಡ. ನನಗೆ ಅದಕ್ಕಿಂತ ಹೆಚ್ಚು ಕಾಡುವುದು ನ್ಯೂಜಿಲೆಂಡಿನ ಪ್ರಸಂಗ.

1843ರ ಕೊನೆಗೆ ಫಿಟ್ಜ್‌ರಾಯ್ ಅಲ್ಲಿಗೆ ಗವರ್ನರ್ ಆಗಿ ಹೋದ. ಆರು ತಿಂಗಳ ಹಿಂದೆ, ಜೂನ್ 17ರಂದು, ವೈರಾವು ಕಣಿವೆಯಲ್ಲಿ ರಕ್ತಪಾತವಾಗಿತ್ತು. ನ್ಯೂಜಿಲೆಂಡ್ ಕಂಪನಿ ಆ ಜಮೀನು ತನ್ನದೆಂದು ಹೇಳಿ ಸರ್ವೆಗೆ ಜನರನ್ನು ಕಳಿಸಿತ್ತು. ಮಾರಿಲ್ಲದ ಜಮೀನು ಅಳೆಯುವುದೇನು ಎಂದು ಮಾವೋರಿ ನಾಯಕರಾದ ತೆ ರೌಪರಾಹ ಮತ್ತು ತೆ ರಂಗಿಹಾಯೆಟ ತಡೆದರು. ಅವರನ್ನು ಬಂಧಿಸಲು ವಲಸಿಗರು ಬಂದೂಕು ಹಿಡಿದು ಹೋದರು. ಗುಂಡು ಹಾರಿತು. ತೆ ರಂಗಿಹಾಯೆಟನ ಹೆಂಡತಿ ಸತ್ತಳು. ಶರಣಾದ ಬಿಳಿಯರನ್ನೂ ಮಾವೋರಿಗಳು ಸೇಡಿಗೆ ಕೊಂದರು. ಒಟ್ಟು 22 ಮಂದಿ ವಲಸಿಗರು, ಕನಿಷ್ಠ ನಾಲ್ವರು ಮಾವೋರಿಗಳು ಸತ್ತಿದ್ದರು. ವಲಸಿಗರ ಲೆಕ್ಕ ಸರಳವಾಗಿತ್ತು: ನಮ್ಮವರು ಹೆಚ್ಚು ಸತ್ತಿದ್ದಾರೆ, ಆದ್ದರಿಂದ ತಪ್ಪು ಅವರದು, ಹೊಸ ಗವರ್ನರ್ ಸೇನೆ ಕಳಿಸಲಿ.

ಫಿಟ್ಜ್‌ರಾಯ್ 1844ರ ಫೆಬ್ರವರಿಯಲ್ಲಿ ವೈಕನೈ ಎಂಬಲ್ಲಿ ಮಾವೋರಿಗಳ ಸಭೆ ಸೇರಿಸಿ, ಅವರ ಕಡೆಯ ಕಥೆಯನ್ನು ಕೂತು ಕೇಳಿದ. ಹೆಣಗಳನ್ನು ಎಣಿಸುವ ಬದಲು ಯಾವುದರ ಹಿಂದೆ ಯಾವುದು ನಡೆಯಿತೆಂದು ನೋಡಿದ. ಜಮೀನು ಮಾರಾಟವಾಗಿರಲಿಲ್ಲ, ಸರ್ವೆಗೆ ಹಕ್ಕಿರಲಿಲ್ಲ, ಬಂದೂಕು ಹಿಡಿದು ಹೋದವರು ವಲಸಿಗರು. ಹಾಗಾಗಿ ಮೊದಲ ತಪ್ಪು ಅವರದು. ಶರಣಾದವರನ್ನು ಕೊಂದದ್ದು ಮಾವೋರಿಗಳ ಘೋರ ಅಪರಾಧ, ಆದರೆ ಅದಕ್ಕಾಗಿ ತಾನು ಯುದ್ಧಕ್ಕೆ ಹೋಗುವುದಿಲ್ಲ. ಇದು ಆತನ ತೀರ್ಪು. ಆತನ ಬಳಿ ಯುದ್ಧ ಮಾಡುವಷ್ಟು ಸೈನಿಕರೂ ಇರಲಿಲ್ಲ ಎಂಬುದು ನಿಜ. ಇದ್ದಿದ್ದರೆ ಏನು ಮಾಡುತ್ತಿದ್ದ ಎಂಬ ಪ್ರಶ್ನೆಯನ್ನು ಇಟ್ಟುಕೊಂಡೇ ನೋಡಿದರೂ, ತನ್ನದೇ ಜನರ ಎದುರು ತಪ್ಪು ನಿಮ್ಮದೆಂದು ಹೇಳಲು ಎದೆಗಾರಿಕೆ ಬೇಕು.

ಫಲ ಏನಾಯಿತು? ವಲಸಿಗರಿಗೆ ಸತ್ತವರ ದುಃಖಕ್ಕಿಂತ ಗವರ್ನರನ ಮೇಲಿನ ಸಿಟ್ಟು ದೊಡ್ಡದಾಯಿತು. ಖಾಲಿ ಖಜಾನೆ, ಉತ್ತರದಲ್ಲಿ ಶುರುವಾದ ದಂಗೆ, ಜಮೀನಿನ ಜಗಳ ಎಲ್ಲದಕ್ಕೂ ಆತನೇ ಕಾರಣನಾದ. ಇವುಗಳಲ್ಲಿ ಕೆಲವು ಆತನ ಅವಸರದ ನಿರ್ಧಾರಗಳಿಂದಲೇ ಹದಗೆಟ್ಟವು, ಆ ಮಾತನ್ನೂ ಹೇಳಬೇಕು. ಹಲವು ಆತ ಕಾಲಿಡುವ ಮೊದಲೇ ಕೆಟ್ಟಿದ್ದವು. 1845ರಲ್ಲಿ ಲಂಡನ್ ಆತನನ್ನು ವಾಪಸ್ ಕರೆಸಿಕೊಂಡಿತು.

ಆಮೇಲೆ ಬಂದದ್ದು 1854ರ ಕೆಲಸ. ಬ್ರಿಟನ್ನಿನ ಬೋರ್ಡ್ ಆಫ್ ಟ್ರೇಡ್‌ನಲ್ಲಿ ಹವಾಮಾನದ ಅಂಕಿ ಅಂಶ ಕಲೆಹಾಕುವ ಒಂದು ಪುಟ್ಟ ಕಚೇರಿ ತೆರೆದು, ಅದಕ್ಕೆ ಫಿಟ್ಜ್‌ರಾಯ್‌ನನ್ನು ಕೂರಿಸಿದರು. ಬೆರಳೆಣಿಕೆಯ ಗುಮಾಸ್ತರು, ಹಡಗುಗಳಿಂದ ಬರುವ ದಾಖಲೆಗಳು, ಕೋಷ್ಟಕಗಳು. ಸರ್ಕಾರಕ್ಕೆ ಬೇಕಿದ್ದದ್ದು ಅಷ್ಟೇ. ಆತ ಮಾತ್ರ ಮೀನುಗಾರರ ಹಳ್ಳಿಗಳಿಗೆ ಗಟ್ಟಿಮುಟ್ಟಾದ ವಾಯುಭಾರಮಾಪಕ ಹಂಚಲು ಶುರುಮಾಡಿದ. ದೋಣಿ ಇಳಿಸುವ ಮುನ್ನ ಪಾದರಸ ನೋಡಿ ಹೋಗಲಿ ಎಂದು. ಉರುಗ್ವೆಯ ಆ ಇಬ್ಬರು ನಾವಿಕರನ್ನು ಆತ ಮರೆತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

1859ರ ಅಕ್ಟೋಬರ್ 26ರಂದು ಮೆಲ್ಬೋರ್ನ್‌ನಿಂದ ಲಿವರ್‌ಪೂಲ್‌ಗೆ ಬರುತ್ತಿದ್ದ ರಾಯಲ್ ಚಾರ್ಟರ್ ಎಂಬ ಹಡಗು ಮನೆ ತಲುಪಲು ಕೆಲವೇ ತಾಸು ಇರುವಾಗ ವೇಲ್ಸ್‌ನ ಆಂಗಲ್‌ಸೀ ದ್ವೀಪದ ಬಂಡೆಗಳಿಗೆ ಬಡಿದು ಒಡೆಯಿತು. ಸುಮಾರು 450 ಮಂದಿ ಸತ್ತರು. ಅದೇ ಬಿರುಗಾಳಿಗೆ ನೂರಕ್ಕೂ ಹೆಚ್ಚು ಹಡಗುಗಳು ನಾಶವಾದವು. ದಾಖಲೆಗಳನ್ನು ಹರಡಿಕೊಂಡು ಕೂತ ಫಿಟ್ಜ್‌ರಾಯ್‌ಗೆ ಒಂದು ವಿಷಯ ಸ್ಪಷ್ಟವಾಯಿತು. ಬಿರುಗಾಳಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ನಡೆದು ಬರುತ್ತದೆ, ಟೆಲಿಗ್ರಾಫ್ ಅದಕ್ಕಿಂತ ವೇಗವಾಗಿ ಓಡುತ್ತದೆ. ಒಂದು ಬಂದರಿನಲ್ಲಿ ಗಾಳಿ ಎದ್ದ ಕೂಡಲೇ ತಂತಿ ಬಂದರೆ ಮುಂದಿನ ಬಂದರನ್ನು ಎಚ್ಚರಿಸಬಹುದು. 1861ರ ಫೆಬ್ರವರಿಯಲ್ಲಿ ಈ ವ್ಯವಸ್ಥೆ ಶುರುವಾಯಿತು. ಬಂದರಿನ ಕಂಬಕ್ಕೆ ಶಂಕು ಮತ್ತು ಡೋಲಿನ ಆಕಾರದ ಕ್ಯಾನ್ವಾಸ್ ಗುರುತುಗಳನ್ನು ಏರಿಸುತ್ತಿದ್ದರು. ರಾತ್ರಿಯಾದರೆ ಲಾಟೀನು. ಅದೇ ವರ್ಷ ಆಗಸ್ಟ್ 1ರಿಂದ ದಿ ಟೈಮ್ಸ್ ಪತ್ರಿಕೆಯಲ್ಲಿ ಮರುದಿನದ ಹವೆ ಹೇಗಿರಬಹುದೆಂದು ಅಚ್ಚಾಗತೊಡಗಿತು. ಇದಕ್ಕೆ ಫೋರ್‌ಕಾಸ್ಟ್ ಎಂಬ ಪದವನ್ನು ಬಳಕೆಗೆ ತಂದವನೂ ಫಿಟ್ಜ್‌ರಾಯ್. ಇದು ಜೋಯಿಸರ ಭವಿಷ್ಯವಲ್ಲ, ಲೆಕ್ಕ ಹಾಕಿದ ಅಭಿಪ್ರಾಯ ಎಂದು ಮತ್ತೆ ಮತ್ತೆ ಬರೆದ. ಓದುಗರು ಭವಿಷ್ಯವೆಂದೇ ಓದಿದರು.

ಇನ್ನು ಲೆಕ್ಕ ನೋಡಿ. ಎಚ್ಚರಿಕೆ ಏರಿಸಿ, ದೋಣಿಗಳು ದಡದಲ್ಲೇ ಉಳಿದು, ಬಿರುಗಾಳಿ ಬಂದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಉಳಿದುಕೊಂಡ ಮೀನುಗಾರ ಸಂಜೆ ಮನೆಗೆ ಹೋಗಿ ಊಟ ಮಾಡುತ್ತಾನೆ. ಸಾಯದೆ ಉಳಿದವರ ಪಟ್ಟಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಎಚ್ಚರಿಕೆ ಏರಿಸಿ ಗಾಳಿ ಬಾರದಿದ್ದರೆ ಒಂದು ದಿನದ ಮೀನು ಹೋಯಿತು, ಕೂಲಿ ಹೋಯಿತು, ಅದು ಕಣ್ಣಿಗೆ ಕಾಣುವ ನಷ್ಟ. ಎಚ್ಚರಿಕೆ ಇಲ್ಲದೆ ಗಾಳಿ ಬಂದರಂತೂ ಹೆಣಗಳೇ ಸಾಕ್ಷಿ. ಮೂರರಲ್ಲಿ ಎರಡು ಕಡೆ ಬೈಗುಳ, ಒಂದು ಕಡೆ ಮೌನ. ಮೊದಲು ಬಿರುಗಾಳಿ ಬಂದರೆ ಜನ ದೇವರನ್ನೋ ಹಣೆಬರಹವನ್ನೋ ದೂರುತ್ತಿದ್ದರು. ಈಗ ಸಮುದ್ರಕ್ಕೆ ಒಬ್ಬ ಗುಮಾಸ್ತ ಸಿಕ್ಕಿದ್ದ, ಆತನಿಗೆ ಲಂಡನ್ನಿನಲ್ಲಿ ವಿಳಾಸವೂ ಇತ್ತು.

ದೋಣಿ ಮಾಲೀಕರಲ್ಲಿ ಕೆಲವರಿಗೆ ಸಿಟ್ಟು ಬಂತು. ಶಂಕು ಏರಿದ ದಿನ ಕೂಲಿಯವರು ದೋಣಿ ಹತ್ತಲು ಒಪ್ಪುತ್ತಿರಲಿಲ್ಲ. ನಷ್ಟ ಮಾಲೀಕನದು, ಜೀವ ಕೂಲಿಯವನದು, ಹಾಗಾಗಿ ದೂರು ಯಾರ ಬಾಯಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ಪಾರ್ಲಿಮೆಂಟಿನಲ್ಲಿ ತಂತಿಯ ಖರ್ಚಿನ ಪ್ರಶ್ನೆ ಎದ್ದಿತು. ನಿಯಮ ಗೊತ್ತಿಲ್ಲದೆ ಊಹೆ ಮಾಡುವುದು ವಿಜ್ಞಾನವಲ್ಲ ಎಂದು ವಿಜ್ಞಾನಿಗಳು ಮೂಗು ಮುರಿದರು. ಅವರ ಆಕ್ಷೇಪದಲ್ಲಿ ಹುರುಳಿತ್ತು. ಬೆರಳೆಣಿಕೆಯ ಕೇಂದ್ರಗಳ ತಂತಿ ನೋಡಿ ಇಡೀ ದೇಶದ ಹವೆ ಹೇಳುವಾಗ ಆತ ಅನುಭವದ ಅಂದಾಜನ್ನೇ ಹೆಚ್ಚು ನೆಚ್ಚಿದ್ದ. ಮುನ್ಸೂಚನೆ ಅಚ್ಚುಮಾಡುತ್ತಿದ್ದ ದಿ ಟೈಮ್ಸ್ ಕೂಡ 1864ರ ಹೊತ್ತಿಗೆ, ಇದು ಸರಿಬಂದರೆ ಶ್ರೇಯ ನಮಗೆ ಬೇಡ, ತಪ್ಪಿದರೆ ಹೊಣೆಯೂ ನಮ್ಮದಲ್ಲ ಎಂಬರ್ಥದ ಮಾತು ಬರೆದು ಪಕ್ಕಕ್ಕೆ ಸರಿಯಿತು. ವಿಚಿತ್ರವೆಂದರೆ ಅದೇ 1864ರ ಅಕ್ಟೋಬರಿನಲ್ಲಿ ಕಲ್ಕತ್ತಕ್ಕೆ ಭೀಕರ ಚಂಡಮಾರುತ ಬಡಿಯಿತು. ಆ ದುರಂತ ಮತ್ತು ಮುಂದಿನ ವರ್ಷಗಳ ಬರ ಸೇರಿ 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಲು ಕಾರಣವಾದವು. ಒಂದು ಕಡೆ ಎಚ್ಚರಿಸಿದವನನ್ನು ಬೈಯುತ್ತಿದ್ದರು, ಇನ್ನೊಂದು ಕಡೆ ಎಚ್ಚರಿಸುವವರೇ ಇಲ್ಲದೆ ಜನ ಸಾಯುತ್ತಿದ್ದರು.

ಹೊರಗಿನವರ ದೂರು ಸಾಲದೆಂಬಂತೆ ಆತ ತನ್ನ ಮೇಲೆ ತಾನೇ ಒಂದು ದೂರು ಹೊರಿಸಿಕೊಂಡಿದ್ದ. ವಯಸ್ಸಾದಂತೆ ಆತನ ಧರ್ಮಶ್ರದ್ಧೆ ಗಟ್ಟಿಯಾಗಿತ್ತು. ಡಾರ್ವಿನ್‌ನ ಸಿದ್ಧಾಂತ ಬೈಬಲ್ಲನ್ನು ಅಲುಗಿಸಿದಾಗ, ಅದಕ್ಕೆ ಬೇಕಾದ ಸಾಮಗ್ರಿ ತನ್ನ ಹಡಗಿನಲ್ಲೇ ಕೂಡಿತಲ್ಲ ಎಂಬ ನೋವು. 1860ರ ಜೂನ್ 30ರಂದು ಆಕ್ಸ್‌ಫರ್ಡ್‌ನ ಪ್ರಸಿದ್ಧ ವಾಗ್ವಾದದ ಸಭೆಯಲ್ಲಿ ಬೈಬಲ್ ಎತ್ತಿ ಹಿಡಿದು ನಿಂತ ನೌಕಾಧಿಕಾರಿ ಈತನೇ. ಬಿರುಗಾಳಿಗಳ ಬಗ್ಗೆ ಪ್ರಬಂಧ ಓದಲು ಆತ ಅಲ್ಲಿಗೆ ಹೋಗಿದ್ದ. ಹಡಗಿಗೆ ಸಂಗಾತಿಯೊಬ್ಬನನ್ನು ಕರೆದುಕೊಂಡವನು, ಮೂವತ್ತು ವರ್ಷಗಳ ನಂತರ ಆ ಸಂಗಾತಿ ಬರೆದ ಪುಸ್ತಕಕ್ಕೆ ಹೊಣೆಯಾಗುವುದು ಹೇಗೆ? ತರ್ಕಕ್ಕೆ ನಿಲ್ಲದ ಮಾತು. ವೈರಾವುವಿನಲ್ಲಿ ಘಟನೆಗಳ ಕೊಂಡಿಯನ್ನು ಅಷ್ಟು ತಾಳ್ಮೆಯಿಂದ ಬಿಡಿಸಿ ನೋಡಿದವನಿಗೆ ತನ್ನ ವಿಷಯದಲ್ಲಿ ಆ ತಾಳ್ಮೆ ಬರಲಿಲ್ಲ.

1865ರ ಏಪ್ರಿಲ್ 30, ಭಾನುವಾರ ಬೆಳಿಗ್ಗೆ, 59 ವರ್ಷದ ಫಿಟ್ಜ್‌ರಾಯ್ ತನ್ನ ಬದುಕನ್ನು ತಾನೇ ಮುಗಿಸಿಕೊಂಡ. ಆ ಸಾವಿಗೂ ಜನ ಹೊಣೆಗಾರರನ್ನು ಹುಡುಕಿದರು. ಡಾರ್ವಿನ್ ಎಂದರು ಕೆಲವರು, ಪತ್ರಿಕೆಗಳ ಟೀಕೆ ಎಂದರು ಕೆಲವರು. ಆತನಿಗೆ ಸಾಲವಿತ್ತು. ಸ್ವಂತ ದುಡ್ಡನ್ನು ಸಾರ್ವಜನಿಕ ಕೆಲಸಕ್ಕೆ ಸುರಿಯುವುದು ಹಳೆಯ ಚಾಳಿ. ಬೀಗಲ್ ಯಾನದಲ್ಲಿ ಕೈಯಾರೆ ಕೊಂಡ ಸಹಾಯಕ ಹಡಗಿನ ಹಣವನ್ನೂ ನೌಕಾ ಇಲಾಖೆ ವಾಪಸ್ ಕೊಟ್ಟಿರಲಿಲ್ಲ. ದುಡಿಮೆ ಅತಿಯಾಗಿತ್ತು, ಆರೋಗ್ಯ ಕುಸಿದಿತ್ತು, ಖಿನ್ನತೆ ಯೌವನದಿಂದಲೂ ಬಂದು ಹೋಗುತ್ತಿತ್ತು. ಇವುಗಳಲ್ಲಿ ಒಂದನ್ನೇ ಎತ್ತಿ ಇದೇ ಕಾರಣ ಎನ್ನುವುದು, ಒಂದು ದಿನದ ಗಾಳಿಗೆ ಒಬ್ಬ ಗುಮಾಸ್ತನನ್ನು ಬೈದಷ್ಟೇ ಸುಲಭ. ಪರೀಕ್ಷಾ ಫಲಿತಾಂಶದ ದಿನಗಳಲ್ಲಿ ನಾವು ಓದುವ ಸುದ್ದಿಗಳ ಕೆಳಗಿನ ಮಾತುಗಳೂ ಹೀಗೆಯೇ ಇರುತ್ತವೆ: ಮೊಬೈಲ್ ಕಾರಣ, ಅಪ್ಪ ಕಾರಣ, ಮೇಷ್ಟ್ರು ಕಾರಣ. ಕುಟುಂಬಕ್ಕಾಗಿ ಸ್ನೇಹಿತರು ನಿಧಿ ಕೂಡಿಸಿದಾಗ ಡಾರ್ವಿನ್ 100 ಪೌಂಡ್ ಕೊಟ್ಟ.

ಆತ ಹೋದ ಮೇಲೆ ಫ್ರಾನ್ಸಿಸ್ ಗಾಲ್ಟನ್ ಮುಂದಾಳತ್ವದ ಸಮಿತಿಯೊಂದು ಕಚೇರಿಯ ದಾಖಲೆಗಳನ್ನು ತಪಾಸಣೆ ಮಾಡಿತು. ದಿನದ ಮುನ್ಸೂಚನೆಗಳಿಗೆ ವೈಜ್ಞಾನಿಕ ಆಧಾರ ಸಾಲದೆಂದಿತು. ಬಿರುಗಾಳಿಯ ಎಚ್ಚರಿಕೆಗಳು ಬಹುಪಾಲು ಸರಿಯಾಗಿದ್ದವು ಎಂಬುದು ಅದೇ ವರದಿಯಲ್ಲಿತ್ತು. ಆದರೂ 1866ರ ಡಿಸೆಂಬರಿನಲ್ಲಿ ಅವನ್ನೂ ನಿಲ್ಲಿಸಲಾಯಿತು. ಬಂದರಿನ ಕಂಬಗಳು ಬೋಳಾದವು.

ಆಗ ಗಲಾಟೆ ಎದ್ದದ್ದು ಬಂದರುಗಳಿಂದ. ಮೀನುಗಾರರು, ನಾವಿಕರು, ಬಂದರಿನ ಆಡಳಿತದವರು ಎಚ್ಚರಿಕೆ ಬೇಕೆಂದು ಕೇಳತೊಡಗಿದರು. ತಪ್ಪಿದರೂ ಪರವಾಗಿಲ್ಲ, ಇರಲಿ ಎಂಬುದು ಅವರ ಹಟ. ಹೆಚ್ಚು ಕಾಲ ಸರ್ಕಾರ ತಡೆದುಕೊಳ್ಳಲಾಗಲಿಲ್ಲ. ಸುಮಾರು ಒಂದು ವರ್ಷದ ಹೊತ್ತಿಗೆ ಬಿರುಗಾಳಿಯ ಸಂಕೇತಗಳು ಮತ್ತೆ ಬಂದವು. ಪತ್ರಿಕೆಗಳಿಗೆ ದಿನದ ಮುನ್ಸೂಚನೆ ಮರಳಲು ಮಾತ್ರ 1879ರ ತನಕ ಕಾಯಬೇಕಾಯಿತು. 2002ರಲ್ಲಿ ಬ್ರಿಟನ್ನಿನ ಹವಾಮಾನ ಕಚೇರಿ ಸ್ಪೇನ್ ಬಳಿಯ ಫಿನಿಸ್ಟೆರ್ ಎಂಬ ಸಮುದ್ರ ವಲಯದ ಹೆಸರು ಬದಲಿಸಿ ಫಿಟ್ಜ್‌ರಾಯ್ ಎಂದು ಇಟ್ಟಿತು. ರೇಡಿಯೊದಲ್ಲಿ ನಾವಿಕರಿಗಾಗಿ ಓದುವ ವಾರ್ತೆಯಲ್ಲಿ ಇವತ್ತಿಗೂ ಆ ಹೆಸರು ಬರುತ್ತದೆ, ಮುಂದೆ ಗಾಳಿಯ ದಿಕ್ಕು ಮತ್ತು ಬಲದ ಅಂದಾಜಿನೊಂದಿಗೆ.