ಗಣಕದ ಒಡಲಿಗೆ ತಂಪೆರೆದ ಸೇಮೂರ್ ಕ್ರೇ

ತುಮಕೂರು ಸೀಮೆಯ ತೆಂಗಿನ ತೋಟಗಳಲ್ಲಿ ಡೀಸೆಲ್ ಪಂಪ್‌ಸೆಟ್ ಓಡಿಸಿದ ತಲೆಮಾರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಬಾವಿಯಿಂದ ಮೇಲೆತ್ತಿದ ನೀರಿನಲ್ಲಿ ಒಂದಿಷ್ಟನ್ನು ಸಣ್ಣ ಕೊಳವೆಯಲ್ಲಿ ಎಂಜಿನ್ನಿನ ಮೈಸುತ್ತ ಹಾಯಿಸದಿದ್ದರೆ ಅದು ಕಾದು ನಿಂತುಹೋಗುತ್ತದೆ. ಅದೇ ಉಪಾಯ ಈಗ ಮನೆಯ ಮೇಜಿನ ಮೇಲಿನ ಕಂಪ್ಯೂಟರಿಗೂ ಬಂದಿದೆ. ತುಮಕೂರಿನಲ್ಲೋ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಮೊತ್ತಮೊದಲ ಬಾರಿಗೆ ತನ್ನ ಗಣಕಕ್ಕೆ ತಾನೇ ನೀರಿನ ಕೊಳವೆ ಜೋಡಿಸಲು ಕುಳಿತರೆ ಅವನ ಎದೆ ಡವಗುಟ್ಟುವುದು ಸಹಜವೇ. ನೀರು, ವಿದ್ಯುತ್ತು ಎರಡೂ ಒಂದೇ ಪೆಟ್ಟಿಗೆಯೊಳಗೆ. ಒಂದು ಹನಿ ದಾರಿ ತಪ್ಪಿದರೂ ಸಾವಿರಾರು ರೂಪಾಯಿಯ ಸಾಮಾನು ಹಾಳು. ಅರ್ಧ ಶತಮಾನದ ಹಿಂದೆ ಇದೇ ಅಪಾಯವನ್ನು 88 ಲಕ್ಷ ಡಾಲರ್ ಬೆಲೆಯ ಯಂತ್ರದಲ್ಲಿ ಎದುರಿಸಿದವರು ಸೇಮೂರ್ ಕ್ರೇ. ಸೂಪರ್ ಕಂಪ್ಯೂಟರಿನ ಜನಕರೆಂದು ಜಗತ್ತು ಕರೆಯುವ ಈ ಅಮೆರಿಕನ್ ಎಂಜಿನಿಯರ್ ಹುಟ್ಟಿ 2025ರ ಸೆಪ್ಟೆಂಬರ್ 28ಕ್ಕೆ ನೂರು ವರ್ಷ ತುಂಬಿತು.

ಕ್ರೇ ಜನಿಸಿದ್ದು ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಪುಟ್ಟ ಊರಿನಲ್ಲಿ. ತಂದೆ ಸಿವಿಲ್ ಎಂಜಿನಿಯರ್. ಮನೆಯ ನೆಲಮಾಳಿಗೆಯೇ ಬಾಲಕನ ಪ್ರಯೋಗಶಾಲೆ. ಹತ್ತನೆಯ ವಯಸ್ಸಿಗೇ ಆಟಿಕೆಯ ಲೋಹದ ಪಟ್ಟಿಗಳನ್ನು ಜೋಡಿಸಿ, ರಂಧ್ರ ಕೊರೆದ ಕಾಗದದ ಸುರುಳಿಯನ್ನು ಮೋರ್ಸ್ ಸಂಕೇತವಾಗಿ ಮಾರ್ಪಡಿಸುವ ಯಂತ್ರವೊಂದನ್ನು ಆತ ಕಟ್ಟಿದ್ದ. ಎರಡನೆಯ ಮಹಾಯುದ್ಧದಲ್ಲಿ ರೇಡಿಯೋ ವಿಭಾಗದ ಸೈನಿಕನಾಗಿ ಮೊದಲು ಯೂರೋಪಿನಲ್ಲಿ, ಬಳಿಕ ಪೆಸಿಫಿಕ್ ರಣರಂಗದಲ್ಲಿ ದುಡಿದು, ಜಪಾನೀಯರ ಗುಪ್ತಲಿಪಿ ಭೇದಿಸುವ ಕಾರ್ಯದಲ್ಲಿಯೂ ಪಾಲ್ಗೊಂಡರು. ಯುದ್ಧ ಮುಗಿದ ಮೇಲೆ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿ, 1951ರಲ್ಲಿ ಅನ್ವಯಿಕ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಕೆಲವು ವರ್ಷ ಎಂಜಿನಿಯರಿಂಗ್ ರಿಸರ್ಚ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯಲ್ಲಿದ್ದ ಕ್ರೇ, 1957ರಲ್ಲಿ ವಿಲಿಯಂ ನಾರಿಸ್ ಮತ್ತು ಸಂಗಡಿಗರು ಸ್ಥಾಪಿಸಿದ ಕಂಟ್ರೋಲ್ ಡೇಟಾ ಕಂಪನಿಯನ್ನು ಸೇರಿದರು. ಗದ್ದಲ, ಸಭೆ, ಆಡಳಿತ ಯಾವುದೂ ಅವರಿಗೆ ಒಗ್ಗುತ್ತಿರಲಿಲ್ಲ. ಕೊನೆಗೆ ಕಂಪನಿಯೇ ಅವರ ಹುಟ್ಟೂರಿನಲ್ಲಿ ಪ್ರಯೋಗಾಲಯ ಕಟ್ಟಿಸಿಕೊಟ್ಟಿತು. ಅಲ್ಲಿ ರೂಪುಗೊಂಡು 1964ರಲ್ಲಿ ಹೊರಬಂದ 6600 ಎಂಬ ಯಂತ್ರ ಸೆಕೆಂಡಿಗೆ ಸುಮಾರು 30 ಲಕ್ಷ ಗಣನೆ ಮಾಡಬಲ್ಲುದಾಗಿತ್ತು. ಐದು ವರ್ಷ ಅದನ್ನು ಮೀರಿಸುವ ಗಣಕ ಜಗತ್ತಿನಲ್ಲಿ ಇರಲಿಲ್ಲ. ದೈತ್ಯ ಸಂಸ್ಥೆ ಐಬಿಎಂನ ಮುಖ್ಯಸ್ಥರು ಮೂವತ್ತನಾಲ್ಕೇ ಮಂದಿಯ, ಅದರಲ್ಲೂ ಕಸ ಗುಡಿಸುವವನನ್ನು ಸೇರಿಸಿ ಎಣಿಸಿದ, ತಂಡವೊಂದು ತಮ್ಮನ್ನು ಹಿಂದಿಕ್ಕಿದ್ದು ಹೇಗೆಂದು ತಮ್ಮ ಅಧಿಕಾರಿಗಳನ್ನು ಪ್ರಶ್ನಿಸಿ ಪತ್ರ ಬರೆದದ್ದು ಗಣಕ ಚರಿತ್ರೆಯ ಪ್ರಸಿದ್ಧ ಪ್ರಸಂಗ.

ಈ ಗೆಲುವಿನ ಗುಟ್ಟು ಅರ್ಧ ಗಣಿತದಲ್ಲಿದ್ದರೆ ಇನ್ನರ್ಧ ತಂಪಿನಲ್ಲಿತ್ತು. ಬೆಳಕೇ ಆದರೂ ಒಂದು ನ್ಯಾನೋಸೆಕೆಂಡಿನಲ್ಲಿ ಸಾಗುವುದು ಸುಮಾರು 30 ಸೆಂಟಿಮೀಟರ್ ಮಾತ್ರ. ತಂತಿಯೊಳಗಿನ ಸಂಕೇತದ ನಡಿಗೆ ಅದಕ್ಕಿಂತಲೂ ನಿಧಾನ. ಆದ್ದರಿಂದ ವೇಗ ಬೇಕೆಂದರೆ ತಂತಿ ಗಿಡ್ಡವಾಗಬೇಕು, ಬಿಡಿಭಾಗಗಳು ಒತ್ತೊತ್ತಾಗಿ ಕೂರಬೇಕು. ಒತ್ತಿ ಕೂರಿಸಿದಷ್ಟೂ ಶಾಖ ಹೋಗಲು ದಾರಿಯಿಲ್ಲ. 6600ರಲ್ಲಿ ನಾಲ್ಕು ಲಕ್ಷದಷ್ಟು ಟ್ರಾನ್ಸಿಸ್ಟರುಗಳಿದ್ದವು, ಫ್ಯಾನಿನ ಗಾಳಿ ಅಲ್ಲಿ ಸಾಲದು. ಈ ಕಗ್ಗಂಟನ್ನು ಬಿಡಿಸಿದವರು ರೆಫ್ರಿಜರೇಟರ್ ಉದ್ಯಮದಿಂದ ಬಂದ ಡೀನ್ ರೌಶ್. ಯಂತ್ರದ ಒಡಲೊಳಗೇ ಕೊಳವೆ ಹಾಯಿಸಿ ಫ್ರೀಯಾನ್ ಹರಿಸುವ ವ್ಯವಸ್ಥೆ ಅವರದು. ಕ್ರೇ ಅವರ ಹೆಸರು ಮೆರೆದಷ್ಟು ರೌಶ್ ಅವರ ಹೆಸರು ಮೆರೆಯಲಿಲ್ಲವೆಂಬುದು ಬೇರೆ ಮಾತು. ತಮ್ಮ ಯಂತ್ರಗಳಲ್ಲಿ ಶಾಖವನ್ನು ಹೊರಹಾಕುವ ಕೆಲಸಕ್ಕೆ ಎಷ್ಟು ತೂಕವಿದೆಯೆಂಬುದನ್ನು ಮಾತ್ರ ಕ್ರೇ ಎಂದೂ ಮರೆಮಾಚಲಿಲ್ಲ.

1969ರ 7600 ಇನ್ನೂ ವೇಗದ್ದು, ಆದರೆ ಮೇಲಿಂದ ಮೇಲೆ ಕೆಡುತ್ತಿತ್ತು. ಮುಂದಿನ 8600 ಏಳಲೇ ಇಲ್ಲ. ನಾಲ್ಕು ಸಂಸ್ಕಾರಕಗಳನ್ನು ಇಕ್ಕಟ್ಟಿನಲ್ಲಿ ತುಂಬಿದ ಆ ಯಂತ್ರದಲ್ಲಿ ಶಾಖ ಅತಿಯಾಯಿತು. ಒಂದು ಭಾಗ ಕೆಟ್ಟರೆ ಇಡೀ ಗಣಕ ನಿಲ್ಲುವ ಪರಿಸ್ಥಿತಿ. ವಿನ್ಯಾಸವನ್ನು ಬುಡದಿಂದ ಮತ್ತೆ ಮಾಡಲು ಕಂಪನಿಯ ಬಳಿ ಹಣವಿರಲಿಲ್ಲ. 1972ರಲ್ಲಿ ಕ್ರೇ ಹೊರಬಂದು ತಮ್ಮ ಹೆಸರಿನಲ್ಲೇ ಕ್ರೇ ರಿಸರ್ಚ್ ಸ್ಥಾಪಿಸಿದರು. ಆಗ ಅವರಿಗೆ ನಲವತ್ತು ದಾಟಿತ್ತು. ಹೊಸ ಸಂಸ್ಥೆಯ ಅಳಿವು ಉಳಿವು ಒಂದೇ ಒಂದು ಯಂತ್ರದ ಮೇಲೆ ನಿಂತಿತ್ತು.

ಅದೇ ಕ್ರೇ-1. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ ಗೋಪುರ, ಬುಡದ ಸುತ್ತ ಮೆತ್ತೆ ಹೊದಿಸಿದ ಆಸನ. ಆಸನದಡಿ ವಿದ್ಯುತ್ ಪೂರೈಕೆಯ ಘಟಕಗಳು. ಆ ಬಾಗು ಅಂದಕ್ಕಾಗಿ ಬಂದದ್ದಲ್ಲ. ಒಳಬದಿಯ ತಂತಿಗಳು ನಾಲ್ಕು ಅಡಿ ಮೀರದಿರಲೆಂದು ಆ ಆಕಾರ. ತಂತಿಗಳನ್ನು ಒಂದೊಂದಾಗಿ ಕೈಯಿಂದಲೇ ಜೋಡಿಸಿದವರು ಚಿಪ್ಪೆವಾ ಫಾಲ್ಸಿನ ಮಹಿಳೆಯರು. ಸಂಕೇತ ಸರಿಯಾದ ಗಳಿಗೆಗೆ ತಲುಪುವಂತೆ ತಂತಿಯ ಉದ್ದವನ್ನು ಅಳೆದು ಕತ್ತರಿಸುತ್ತಿದ್ದರು. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಕಂಡ ತುಮಕೂರಿಗೆ ಇಂಥ ಸೂಕ್ಷ್ಮ ಕೈಕೆಲಸದ ಬೆಲೆ ಹೇಳಿಕೊಡಬೇಕಿಲ್ಲ. ಐದೂವರೆ ಟನ್ ತೂಕದ ಈ ಯಂತ್ರ ಸುಮಾರು 115 ಕಿಲೋವಾಟ್ ವಿದ್ಯುತ್ ನುಂಗುತ್ತಿತ್ತು. ನುಂಗಿದ್ದೆಲ್ಲವೂ ಕಡೆಗೆ ಶಾಖವೇ. ಪ್ರತಿ ಬಿಲ್ಲೆಯ ಶಾಖವನ್ನು ತಾಮ್ರದ ಹಲಗೆ ಹೀರಿ ಅಂಚಿಗೆ ಒಯ್ಯುತ್ತಿತ್ತು. ಅಲ್ಲಿ ಅಲ್ಯೂಮಿನಿಯಂ ಕಂಬಿಯೊಳಗಿನ ಉಕ್ಕಿನ ಕೊಳವೆಯಲ್ಲಿ ಹರಿಯುವ ಫ್ರೀಯಾನ್ ಅದನ್ನು ಸೆಳೆದೊಯ್ಯುತ್ತಿತ್ತು.

ವಿಘ್ನ ಒದಗಿದ್ದು ಇಲ್ಲೇ. ಕಂಪ್ರೆಸರ್ ಸರಾಗ ಓಡಲೆಂದು ಫ್ರೀಯಾನಿನೊಂದಿಗೆ ಬೆರೆಸಿದ ಎಣ್ಣೆ ಕೊಳವೆಯ ಬೆಸುಗೆಯಲ್ಲಿ ಜಿನುಗಿತು. ಜಿನುಗಿದ ಎಣ್ಣೆ ಮಂಡಲಗಳ ಮೇಲೆ ಪದರಗಟ್ಟಿ, ಕಡೆಗೆ ಶಾರ್ಟ್ ಸರ್ಕ್ಯೂಟ್. ಗಣಿತ ಸರಿಯಿದೆ, ತಂತಿ ಸರಿಯಿದೆ, ಕೊಳವೆಯ ಒಂದು ಕೂದಲೆಳೆಯ ಬಿರುಕಿನಿಂದಾಗಿ ಮೊದಲ ಯಂತ್ರ ಆರು ತಿಂಗಳು ತಡವಾಯಿತು. ಮಾರಾಟವಾದ ಒಂದು ಗಣಕವೂ ಇಲ್ಲದ ಕಂಪನಿಗೆ ಆರು ತಿಂಗಳೆಂದರೆ ಸಣ್ಣ ಮಾತಲ್ಲ. ಹೊಸ ಬೆಸುಗೆಯ ವಿಧಾನ ಕಂಡುಕೊಂಡ ಬಳಿಕವೇ 1976ರಲ್ಲಿ ಮೊದಲ ಕ್ರೇ-1 ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಪರೀಕ್ಷೆಗಾಗಿ ಹೋಯಿತು. ಸೆಕೆಂಡಿಗೆ 16 ಕೋಟಿ ಗಣನೆಯ ಆ ಯಂತ್ರಗಳು ಮುಂದೆ ಎಂಬತ್ತಕ್ಕೂ ಹೆಚ್ಚು ಮಾರಾಟವಾದವು.

ಇಂದು ಮನೆಯಲ್ಲಿ ನೀರಿನ ಸುತ್ತು ಕಟ್ಟುವವರು ಮಾಡುವುದು ಮೂಲದಲ್ಲಿ ಇದನ್ನೇ. ತಾಮ್ರದ ಬಿಲ್ಲೆಯೊಂದು ಸಂಸ್ಕಾರಕದ ನೆತ್ತಿಯ ಮೇಲೆ ಕೂರುತ್ತದೆ; ಅದರೊಳಗೆ ಕೂದಲೆಳೆಯಂಥ ಸೀಳುಗಳು. ಪಂಪ್ ತಳ್ಳಿದ ನೀರು ಆ ಸೀಳುಗಳಲ್ಲಿ ಹಾಯ್ದು, ಶಾಖ ಹೊತ್ತು ರೇಡಿಯೇಟರಿಗೆ ಹೋಗಿ, ಫ್ಯಾನಿನ ಗಾಳಿಗೆ ಅದನ್ನು ಒಪ್ಪಿಸಿ ತೊಟ್ಟಿಗೆ ಮರಳುತ್ತದೆ. ಶಾಖ ಸಾಗಿಸುವುದರಲ್ಲಿ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಕುಣಿಗಲ್ ದೊಡ್ಡಕೆರೆಯ ತೂಬು ಕೆರೆಯ ನೀರಿನ ಮಟ್ಟಕ್ಕಿಂತ ಕೆಳಗಿರುವಂತೆ, ಪಂಪ್ ಸಹ ತೊಟ್ಟಿಗಿಂತ ಕೆಳಗಿರಬೇಕು. ನೀರಿಲ್ಲದೆ ತಿರುಗಿದ ಪಂಪ್ ಬೇಗ ಕೆಡುತ್ತದೆ. ಉಳಿದ ಭಾಗಗಳ ಅನುಕ್ರಮದ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ನೀರು ಸುತ್ತುವ ರಭಸಕ್ಕೆ ಎಲ್ಲೆಡೆಯೂ ಉಷ್ಣತೆ ಹೆಚ್ಚುಕಡಿಮೆ ಒಂದೇ. ತಾಮ್ರದ ಬಿಲ್ಲೆಗೆ ಅಲ್ಯೂಮಿನಿಯಂ ರೇಡಿಯೇಟರ್ ಜೋಡಿಸಿದರೆ ಮಾತ್ರ ಲೋಹ ಸವೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಸೀಳುಗಳಲ್ಲಿ ಸುಣ್ಣ ಕಟ್ಟುತ್ತದೆಯಾದ್ದರಿಂದ ಬಟ್ಟಿ ಇಳಿಸಿದ ನೀರೇ ಬೇಕು, ಪಾಚಿ ಕಟ್ಟದಂತೆ ಔಷಧವೂ ಬೇಕು. ಕ್ರೇ-1 ಕಲಿಸಿದ ಪಾಠ ನೆನಪಿರುವವರು ಗಣಕಕ್ಕೆ ವಿದ್ಯುತ್ ಕೊಡದೆ ಪಂಪನ್ನಷ್ಟೇ ಓಡಿಸಿ, ಕೀಲುಗಳಡಿ ಒಣ ಕಾಗದ ಹಾಸಿ, ಒಂದು ಹಗಲು ಒಂದು ರಾತ್ರಿ ಕಾಯುತ್ತಾರೆ. ಒಂದು ವ್ಯತ್ಯಾಸವಂತೂ ಇದೆ. ಕ್ರೇ ಯಂತ್ರದ್ದು ಕಂಪ್ರೆಸರ್ ಇದ್ದ ನಿಜವಾದ ಶೀತಕ. ಮನೆಯ ಸುತ್ತಿನ ನೀರು ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಏಪ್ರಿಲ್ ತಿಂಗಳ ತುಮಕೂರಿನ ಮಧ್ಯಾಹ್ನದಲ್ಲಿ ಅದರ ಮಿತಿ ತಾನಾಗಿಯೇ ಗೊತ್ತಾಗುತ್ತದೆ.

1985ರ ಕ್ರೇ-2ರಲ್ಲಿ ಅವರು ಕೊಳವೆಯ ಗೊಡವೆಯನ್ನೇ ಬಿಟ್ಟರು. ವಿದ್ಯುತ್ತನ್ನು ಹರಿಯಬಿಡದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಇಡೀ ಗಣಕವನ್ನೇ ಮುಳುಗಿಸಿದರು. ಬಿಸಿಯಾದ ದ್ರವ ಪಕ್ಕದ ಘಟಕದಲ್ಲಿ ತಣ್ಣೀರಿಗೆ ತನ್ನ ಶಾಖ ಕೊಟ್ಟು ಮರಳುತ್ತಿತ್ತು. ಪಾರದರ್ಶಕ ಗೋಪುರದಲ್ಲಿ ಅದು ಜಲಪಾತದಂತೆ ಇಳಿಯುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ರಂಗದ ಮೇಲೆ ಆನೆ, ಕುದುರೆ ತಂದ ಗುಬ್ಬಿ ವೀರಣ್ಣನವರ ಊರಿನವರು ಈ ವೈಭವವನ್ನು ಮೆಚ್ಚದಿರಲಾರರು. ಆದರೆ ಎದೆಮಟ್ಟದ ಆ ಪುಟ್ಟ ಯಂತ್ರ ಕ್ರೇ-1ಕ್ಕಿಂತ ಹತ್ತು ಪಟ್ಟಿಗೂ ವೇಗದ್ದು ಎಂಬುದೇ ದೊಡ್ಡ ವೈಭವ. ಒಂದು ಮಂಡಲ ರಿಪೇರಿ ಮಾಡಬೇಕೆಂದರೂ ದ್ರವವನ್ನೆಲ್ಲ ಹೊರಗೆ ಹರಿಸಬೇಕಿತ್ತು ಎಂಬುದು ಅದರ ಇನ್ನೊಂದು ಮುಖ.

ಬಿಡುವಿನಲ್ಲಿ ಈ ಮನುಷ್ಯ ತಮ್ಮ ಮನೆಯ ಕೆಳಗೆ ಸುರಂಗ ತೋಡುತ್ತಿದ್ದರು. ವರ್ಷಕ್ಕೊಂದು ಹಾಯಿದೋಣಿ ಕಟ್ಟಿ, ಕೊನೆಗೆ ಸುಟ್ಟು, ಮುಂದಿನ ವರ್ಷ ಹೊಸದನ್ನು ಆರಂಭಿಸುತ್ತಿದ್ದರೆಂಬ ಕಥೆಯೂ ಉಂಟು. ಕಥೆ ನಿಜವೋ ಸುಳ್ಳೋ, ಗಣಕಗಳ ವಿಷಯದಲ್ಲಿ ಅವರ ರೀತಿ ಅದೇ: ಹಳೆಯದನ್ನು ತಿದ್ದುವುದಕ್ಕಿಂತ ಖಾಲಿ ಹಾಳೆಯಿಂದ ತೊಡಗುವುದು. ಹಳೆಯದನ್ನು ತಿದ್ದಿ ಬೆಳೆಸುವ ಕೆಲಸ ಸಂಸ್ಥೆಯಲ್ಲಿದ್ದ ಸ್ಟೀವ್ ಚೆನ್ ಅವರ ಪಾಲಿಗೆ ಬಂದು, ಅದರಿಂದ ಕ್ರೇ ಎಕ್ಸ್-ಎಂಪಿ ಹುಟ್ಟಿತು.

ಭಾರತಕ್ಕೆ ಕ್ರೇ ಎಂಬ ಹೆಸರು ಬಂದದ್ದು ಈ ಎಕ್ಸ್-ಎಂಪಿಯ ಮೂಲಕ. ಅಣ್ವಸ್ತ್ರದ ಶಂಕೆಯಿಂದ ಅಮೆರಿಕ ಶಕ್ತಿಶಾಲಿ ಯಂತ್ರಗಳನ್ನು ಕೊಡಲೊಪ್ಪದೆ, ಹವಾಮಾನದ ಬಳಕೆಗೆ ಮಾತ್ರವೆಂಬ ಕಟ್ಟುಪಾಡಿನೊಂದಿಗೆ 1980ರ ದಶಕದ ಕೊನೆಗೆ ಎಕ್ಸ್-ಎಂಪಿ 14 ಮಾದರಿಯನ್ನು ದೆಹಲಿಗೆ ಕಳುಹಿಸಿತು. ಮಧ್ಯಮಾವಧಿ ಹವಾಮಾನ ಮುನ್ಸೂಚನೆಯ ರಾಷ್ಟ್ರೀಯ ಕೇಂದ್ರ ಅದರಲ್ಲಿ ಮುಂಗಾರಿನ ಲೆಕ್ಕ ಹಾಕಿತು. ಆಕಾಶ ನೋಡಿ ರಾಗಿ, ಶೇಂಗಾ ಬಿತ್ತುವ ತುಮಕೂರು ಜಿಲ್ಲೆಯಂಥ ಬಯಲುಸೀಮೆಗೆ ಅದು ದೂರದ ಸಂಗತಿಯೇನೂ ಅಲ್ಲ. ಇತ್ತ ಕೊಡಲೊಲ್ಲೆನೆಂದ ಆ ಮಾತೇ 1988ರಲ್ಲಿ ಪುಣೆಯ ಸಿ-ಡ್ಯಾಕ್ ಹುಟ್ಟಿಗೂ 1991ರಲ್ಲಿ ಪರಮ್ 8000 ಗಣಕಕ್ಕೂ ಕಾರಣವಾಯಿತು.

ಕ್ರೇ ಅವರ ಕೊನೆಯ ವರ್ಷಗಳು ಸುಖದವಲ್ಲ. ಸಿಲಿಕಾನ್ ಬಿಟ್ಟು ಗ್ಯಾಲಿಯಂ ಆರ್ಸೆನೈಡಿನಲ್ಲಿ ಕ್ರೇ-3 ಕಟ್ಟಹೊರಟರು. 1989ರಲ್ಲಿ ಅದಕ್ಕಾಗಿಯೇ ಕೊಲೊರಾಡೋ ಸ್ಪ್ರಿಂಗ್ಸ್‌ನಲ್ಲಿ ಪ್ರತ್ಯೇಕ ಸಂಸ್ಥೆಯಾಯಿತು. ಹೊರಗೆ ಹೋದದ್ದು ಒಂದೇ ಒಂದು ಯಂತ್ರ. ಶೀತಲ ಸಮರ ಮುಗಿದು ಸರ್ಕಾರದ ಖರೀದಿ ಕುಗ್ಗಿತ್ತು. ಅಗ್ಗದ ಸಂಸ್ಕಾರಕಗಳನ್ನು ಸಾಲುಗಟ್ಟಿಸಿ ದುಡಿಸುವ ಹೊಸ ಪದ್ಧತಿ ತಲೆಯೆತ್ತಿತ್ತು. 1995ರಲ್ಲಿ ಸಂಸ್ಥೆ ದಿವಾಳಿಯೆದ್ದಿತು. ಮರುವರ್ಷ ಎಪ್ಪತ್ತರ ಅಂಚಿನಲ್ಲಿ ಮತ್ತೊಂದು ಸಂಸ್ಥೆ ತೆರೆದರು, ಈ ಸಲ ತಾವು ಅಷ್ಟು ದಿನ ಒಪ್ಪದಿದ್ದ ಸಾಲು ಸಂಸ್ಕಾರಕಗಳ ದಾರಿಯಲ್ಲಿ. 1996ರ ಸೆಪ್ಟೆಂಬರ್ 22ರಂದು ಹೆದ್ದಾರಿಯಲ್ಲಿ ಅವರ ಜೀಪು ಅಪಘಾತಕ್ಕೀಡಾಯಿತು. ಅಕ್ಟೋಬರ್ 5ರಂದು ಕಣ್ಣುಮುಚ್ಚಿದರು.

ಅವರ ಹೆಸರು ಹೊತ್ತ ಕಂಪನಿ ಹಲವು ಕೈ ಬದಲಾಗಿ ಉಳಿಯಿತು. 2015ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಹಸ್ರ-ಟಿ ಎಂಬ ಹೆಸರಿನ ಕ್ರೇ ಎಕ್ಸ್‌ಸಿ40 ಸ್ಥಾಪನೆಯಾಯಿತು. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ಆ ಯಂತ್ರದ ಕಪಾಟುಗಳ ನಡುನಡುವೆ, ಬೀಸಿ ಬರುವ ಬಿಸಿಗಾಳಿಯನ್ನು ತಣಿಸಲು, ತಣ್ಣೀರು ಹರಿಯುವ ಸುರುಳಿ ಕೊಳವೆಗಳಿದ್ದವು.