ಮಕ್ಕಳ ಬುದ್ಧಿಯನ್ನು ಅಳೆದ ಆಲ್ಫ್ರೆಡ್ ಬಿನೆ

ಕೇಳಿದ ಪ್ರಶ್ನೆಗೆ ಉತ್ತರ ಕೊಡದ ಬಾಲಕನನ್ನು ದಡ್ಡನೆಂದು ಕರೆಯುವುದು ಬಹು ಸುಲಭ. ಆದರೆ ಅವನಿಗೆ ಬುದ್ಧಿ ಸಾಲದೋ, ಪಾಠ ದೊರೆತಿಲ್ಲವೋ ಎಂಬುದನ್ನು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರವನ್ನು ಹುಡುಕಿದವರಲ್ಲಿ ಅಗ್ರಗಣ್ಯನು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ.

ಬಿನೆಯು 1857ನೆಯ ಇಸವಿ ಜುಲೈ 8ರಂದು ನೀಸ್ ನಗರದಲ್ಲಿ ಜನಿಸಿದನು. ತಂದೆ ವೈದ್ಯನು, ತಾಯಿ ಚಿತ್ರಕಲಾವಿದೆ. ಪ್ಯಾರಿಸಿನಲ್ಲಿ ಓದಿ 1878ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದರೂ ಆ ವೃತ್ತಿಯಲ್ಲಿ ಆತನ ಮನಸ್ಸು ನೆಲೆಗೊಳ್ಳಲಿಲ್ಲ. ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು, ಗುರುವಿನ ನೆರವಿಲ್ಲದೆ ಮನಶ್ಶಾಸ್ತ್ರವನ್ನು ಅಭ್ಯಸಿಸಿದನು. ಬಳಿಕ ಪ್ರಸಿದ್ಧ ವೈದ್ಯ ಶಾರ್ಕೋವಿನ ಆಸ್ಪತ್ರೆಯಲ್ಲಿ ಸಂಮೋಹನದ ಪ್ರಯೋಗಗಳನ್ನು ನಡೆಸಿ, ಸಂಮೋಹಿತರ ಮೇಲೆ ಅಯಸ್ಕಾಂತವು ವಿಚಿತ್ರ ಪರಿಣಾಮ ಬೀರುವುದೆಂದು ಸಾರಿದನು. ಆ ಪರಿಣಾಮಕ್ಕೆ ಕಾರಣ ಅಯಸ್ಕಾಂತವಲ್ಲ, ಪ್ರಯೋಗಕಾರನು ತನಗರಿವಿಲ್ಲದೆ ಕೊಡುವ ಸೂಚನೆ ಎಂದು ಬೆಲ್ಜಿಯಮ್ಮಿನ ದೆಲ್ಬೆಫ್ ತೋರಿಸಿಕೊಟ್ಟನು. ಬಿನೆಯು ಕಡೆಗೆ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡನು. ನಮ್ಮ ನಿರೀಕ್ಷೆಯೇ ನಮ್ಮ ಕಣ್ಣನ್ನು ಕಟ್ಟಬಲ್ಲದು ಎಂಬ ಈ ಪಾಠವನ್ನು ಆತನು ಮುಂದೆ ಮರೆಯಲಿಲ್ಲ.

1891ರಲ್ಲಿ ಸಾರ್ಬಾನ್ ವಿದ್ಯಾಪೀಠದ ಪ್ರಯೋಗಶಾಲೆಯನ್ನು ಸಂಬಳವಿಲ್ಲದೆ ಸೇರಿ, 1894ರಲ್ಲಿ ಅದರ ನಿರ್ದೇಶಕನಾದನು. ಮನೆಯಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನೇ ವರ್ಷಗಟ್ಟಲೆ ಪರೀಕ್ಷಿಸಿ, 1903ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಒಬ್ಬಳದು ವಸ್ತುವನ್ನು ಇದ್ದಂತೆ ಕಾಣುವ ಮನಸ್ಸು. ಇನ್ನೊಬ್ಬಳದು ಕಲ್ಪನೆಯ ಮನಸ್ಸು. ಒಂದೇ ಮನೆಯಲ್ಲಿಯೂ ಬುದ್ಧಿಯ ಬಗೆ ಒಂದೇ ಅಲ್ಲವೆಂದು ಆತನು ಕಂಡನು.

1904ರಲ್ಲಿ ಫ್ರೆಂಚ್ ಸರಕಾರವು, ಸಾಮಾನ್ಯ ಶಾಲೆಯಲ್ಲಿ ಕಲಿಯಲಾರದ ಮಕ್ಕಳ ಶಿಕ್ಷಣವನ್ನು ಕುರಿತು ಸಮಿತಿಯೊಂದನ್ನು ನೇಮಿಸಿತು. ಬಿನೆಯು ಅದರ ಸದಸ್ಯನು. ತುಂಟನೂ ಸೋಮಾರಿಯೂ ಮಂದಮತಿಯೆನಿಸಿಕೊಳ್ಳದಂತೆ ಮಾಡಬೇಕಾದರೆ, ಉಪಾಧ್ಯಾಯನ ಅಭಿಪ್ರಾಯವೊಂದೇ ಸಾಲದು. ಆದುದರಿಂದ 1905ರಲ್ಲಿ ಬಿನೆಯು ಸಿಮೋನ್ ಎಂಬ ಯುವವೈದ್ಯನೊಡನೆ 30 ಪರೀಕ್ಷೆಗಳ ಮಾಲೆಯನ್ನು ರಚಿಸಿದನು. ಚಿತ್ರದಲ್ಲಿಯ ವಸ್ತುಗಳನ್ನು ಹೆಸರಿಸುವುದು, ಕೇಳಿದ ಅಂಕಿಗಳನ್ನು ಮರಳಿ ಹೇಳುವುದು, ನೊಣಕ್ಕೂ ಚಿಟ್ಟೆಗೂ ಇರುವ ಭೇದವನ್ನು ತಿಳಿಸುವುದು ಮೊದಲಾದವು ಅದರಲ್ಲಿದ್ದವು. ಅಳೆಯಬೇಕಾದುದು ಪುಸ್ತಕದ ಪಾಠವಲ್ಲ. ಸ್ಮರಣೆ, ಅವಧಾನ, ವಿವೇಚನೆ. 1908ರಲ್ಲಿ ಪರೀಕ್ಷೆಗಳನ್ನು ವಯಸ್ಸಿಗನುಗುಣವಾಗಿ ಅಳವಡಿಸಿದನು. ಎಂಟು ವರ್ಷದ ಬಾಲಕನು ಆರು ವರ್ಷದವರ ಪರೀಕ್ಷೆಗಳಲ್ಲಿ ಮಾತ್ರ ತೇರ್ಗಡೆಯಾದರೆ ಅವನ ಮಾನಸಿಕ ವಯಸ್ಸು ಆರು ಎಂದರ್ಥ.

ಆದರೆ ಇದನ್ನು ಹಣೆಬರಹವೆಂದು ಬಿನೆಯು ಎಂದೂ ತಿಳಿಯಲಿಲ್ಲ. ಬುದ್ಧಿಯು ಬೆಳೆಯಲಾರದೆಂಬ ವಾದವನ್ನು 1909ರಲ್ಲಿ ಬರೆದ ಗ್ರಂಥದಲ್ಲಿ ತೀವ್ರವಾಗಿ ಖಂಡಿಸಿದನು. ಹಿಂದುಳಿದ ಮಕ್ಕಳ ಅವಧಾನವನ್ನು ಬೆಳೆಸಲು, ವಿಗ್ರಹಗಳಂತೆ ಅಲುಗದೆ ನಿಲ್ಲುವ ಆಟ ಮೊದಲಾದ ಸಾಧನೆಗಳನ್ನು ಸೂಚಿಸಿದನು. 1911ನೆಯ ಅಕ್ಟೋಬರ್ 18ರಂದು, 54ನೆಯ ವಯಸ್ಸಿನಲ್ಲಿ, ಕಾಲವಶನಾದನು.

ಅನಂತರ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಕ್ರಮವನ್ನು 1912ರಲ್ಲಿ ಜರ್ಮನಿಯ ಸ್ಟರ್ನ್ ಸೂಚಿಸಿದನು. ಅದನ್ನು ನೂರರಿಂದ ಗುಣಿಸಿದ ಬುದ್ಧಿಲಬ್ಧವು 1916ರಲ್ಲಿ ಅಮೆರಿಕದ ಟರ್ಮನ್ನನಿಂದ ಪ್ರಚಾರಕ್ಕೆ ಬಂದಿತು. ಅಲ್ಲಿ ಇಂಗ್ಲಿಷ್ ಅರಿಯದ ವಲಸಿಗರನ್ನೂ ಇಂಥ ಪರೀಕ್ಷೆಗಳಿಂದ ಅಳೆದು ಮಂದಮತಿಗಳೆಂದವರುಂಟು. ನೆರವಿಗಾಗಿ ಹುಟ್ಟಿದ ಅಳತೆಯು ನಿಂದೆಯ ಸಾಧನವಾಯಿತು. ಭಾಷೆಯ ಮಹತ್ವವನ್ನರಿತ ನಮ್ಮ ದೇಶದ ವಿ. ವಿ. ಕಾಮತರು ಬಿನೆಯ ಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಮಾರ್ಪಡಿಸಿ, 1934ರಲ್ಲಿ ಅದರ ವಿವರವನ್ನು ಪ್ರಕಟಿಸಿದರು.

ವಿದ್ಯಾರ್ಥಿಗಳೇ, ಊರು ಬಿಟ್ಟು ಈ ಮಹಾನಗರಕ್ಕೆ ಬಂದ ನಮ್ಮ ಮಕ್ಕಳು ಪರಭಾಷೆಯ ಪ್ರಶ್ನೆಗೆ ತಡವರಿಸಿದೊಡನೆ ದಡ್ಡರೆನಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಆತುರದಲ್ಲಿ ನಾನೂ ಹಾಗೆ ಎಣಿಸಿದ್ದುಂಟು. ಅಂಥ ವೇಳೆಯಲ್ಲಿ ಬಿನೆಯನ್ನು ನೆನೆಯುವುದು ಒಳಿತು. ಇಂದಿನ ಅಂಕವು ಇಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ನಾಳಿನದು ಅಭ್ಯಾಸಕ್ಕೆ ಸೇರಿದ್ದು.